ಬೈಲು, ಮಜಲು, ಬೆಟ್ಟು

ಮೋಜಣಿದಾರರು ಸಂಕೋಲೆ ಹಿಡಿದು ಬರುವುದಕ್ಕೆ ಬಹುಕಾಲ ಮೊದಲೇ ನಮ್ಮ ಹಿರಿಯರು ಭೂಮಿಯನ್ನು ನೀರಿನಿಂದ ಅಳೆದಿದ್ದರು. ಎರಡು ಗುಡ್ಡೆಗಳ ನಡುವೆ, ತೋಡಿನ ಬದಿಗೆ ಹಬ್ಬಿದ ತಗ್ಗು ಗದ್ದೆ ಬೈಲು. ಅದರಿಂದ ಒಂದು ಮೆಟ್ಟಿಲು ಮೇಲಿನದು ಮಜಲು. ಗುಡ್ಡೆಯ ಮಗ್ಗುಲಿನಲ್ಲಿ ಮಳೆಯನ್ನೇ ನಂಬಿದ್ದು ಬೆಟ್ಟು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆಯೆಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದೇ. ಈ ಮಾತುಗಳನ್ನು ನಾವು ಎಷ್ಟೋ ವರ್ಷ ಮಕ್ಕಳಿಗೆ ಪದಸಂಪತ್ತಿನ ಪಾಠವಾಗಿ ಹೇಳಿಕೊಟ್ಟಿದ್ದೆವು. ಒಂದು ಊರು ತನ್ನ ನೆಲವನ್ನು ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂಬ ಕಟ್ಟಳೆಯೇ ಅವುಗಳಲ್ಲಿ ಅಡಗಿದೆಯೆಂಬುದು ನಮಗೆ ಮನವರಿಕೆಯಾದದ್ದು ಮಾತ್ರ ಈಚೆಗೆ, ತಮ್ಮನ ಪರವಾಗಿ ಒಂದು ಅರ್ಜಿಯನ್ನು ಬರೆಯಲು ಕುಳಿತಾಗ.

ನಮ್ಮ ಊರು ಕಾಸರಗೋಡು ಸೀಮೆಯದು. 1956ನೆಯ ಇಸವಿಯ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಈ ಸೀಮೆಯು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿರುವ ಹಳೆಯ ದಸ್ತಾವೇಜುಗಳಲ್ಲಿ ನಂಜ, ಪುಂಜ, ಬಾಗಾಯ್ತು ಎಂದು ಬರೆದಿದೆ. ಈಗಿನ ಕಾಗದಗಳಲ್ಲಿ ಕಾಣುವುದು ಮಲಯಾಳದ ಎರಡು ಮಾತುಗಳು: ನಿಲಂ ಮತ್ತು ಪುರಯಿಡಂ. ಪುರಯಿಡವೆಂದರೆ ಮನೆ, ಹಿತ್ತಿಲು, ತೋಟಗಳಿಗೆ ಸಲ್ಲುವ ಸ್ಥಳ. ನಿಲವೆಂದರೆ ಕಂದಾಯದ ಲೆಕ್ಕದಲ್ಲಿ ಗದ್ದೆ. ಕನ್ನಡಿಗನ ಕಿವಿಗೆ ಅದು ನಮ್ಮ ‘ನೆಲ’ದಂತೆಯೇ ಕೇಳಿಸುತ್ತದೆ, ನೆಲವೆಂದು ಬರೆದರೆ ಗಾಬರಿಗೊಳ್ಳುವುದಕ್ಕೇನಿದೆ ಎಂದು ಅವನು ಸುಮ್ಮನಾಗುತ್ತಾನೆ. ಹೀಗೆ ಸುಮ್ಮನಾದವರಲ್ಲಿ ನಮ್ಮ ನೆರೆಮನೆಯ ಅಜ್ಜಿಯೂ ಒಬ್ಬರು.

ಅವರ ಕಥೆಯನ್ನು ಹೇಳುವ ಮೊದಲು ಕಾನೂನಿನ ಮಾತನ್ನು ಸ್ವಲ್ಪ ಹೇಳಬೇಕು. ಕೇರಳದಲ್ಲಿ 1970ರ ದಶಕದ ನಡುವಿನಲ್ಲಿ ಸುಮಾರು 8.8 ಲಕ್ಷ ಹೆಕ್ಟೇರಿನಷ್ಟಿದ್ದ ಭತ್ತದ ಬೇಸಾಯವು 2008ರ ವೇಳೆಗೆ ಸುಮಾರು 2.3 ಲಕ್ಷಕ್ಕೆ ಇಳಿದಿತ್ತು. ಆ ವರ್ಷದ ಆಗಸ್ಟ್ 12ರಂದು ಭತ್ತದ ಗದ್ದೆ ಮತ್ತು ಜೌಗುನೆಲಗಳ ಸಂರಕ್ಷಣೆಯ ಶಾಸನವು ಜಾರಿಗೆ ಬಂತು. ಪ್ರತಿ ಪಂಚಾಯತಿನಲ್ಲಿಯೂ ಒಂದು ಸಮಿತಿ. ಪಂಚಾಯತು ಅಧ್ಯಕ್ಷರು, ಕೃಷಿಭವನದ ಅಧಿಕಾರಿ, ಗ್ರಾಮಾಧಿಕಾರಿ ಹಾಗೂ ರೈತರ ಮೂವರು ಪ್ರತಿನಿಧಿಗಳು ಅದರ ಸದಸ್ಯರು. ಊರಿನ ಗದ್ದೆಗಳನ್ನೂ ಜೌಗುನೆಲಗಳನ್ನೂ ಸರ್ವೆ ನಂಬರು ಸಹಿತ ಪಟ್ಟಿ ಮಾಡಿ, ಪ್ರಕಟಿಸಿ, ಜನರ ತಿಳುವಳಿಕೆಗಾಗಿ ಪ್ರದರ್ಶಿಸುವುದು ಸಮಿತಿಯ ಕೆಲಸ. ಆ ಪಟ್ಟಿಗೆ ಡೇಟಾ ಬ್ಯಾಂಕ್ ಎಂದು ಹೆಸರು. ಪಟ್ಟಣಗಳಲ್ಲಿ ವಾಸದ ವಲಯ, ವ್ಯಾಪಾರದ ವಲಯ, ಕೈಗಾರಿಕೆಯ ವಲಯವೆಂದು ನಕ್ಷೆಗೆ ಬಣ್ಣ ಬಳಿಯುವುದನ್ನು ವಾಚಕರು ಕೇಳಿರಬಹುದು. ನಮ್ಮ ಹಳ್ಳಿಗಳಲ್ಲಿ ಆ ಬಣ್ಣದ ಕೆಲಸವನ್ನು ಮಾಡುತ್ತಿರುವುದು ಈ ಪಟ್ಟಿಯೇ. ಇದರಲ್ಲಿ ಹೆಸರು ಬಿದ್ದ ಸ್ಥಳದಲ್ಲಿ ಮನೆ ಕಟ್ಟಲು ಸುಲಭವಾಗಿ ಪರವಾನಗಿ ದೊರೆಯದು.

ಪಟ್ಟಿಯನ್ನು ಪ್ರದರ್ಶಿಸಿದ್ದ ದಿನಗಳಲ್ಲಿ ನಾವು ಶಾಲೆಯ ಯಾವುದೋ ಕೆಲಸಕ್ಕಾಗಿ ಪಂಚಾಯತು ಕಚೇರಿಗೆ ಹೋಗಿದ್ದೆವು. ಕಿಟಕಿಯ ಸರಳಿಗೆ ನೂಲಿನಿಂದ ಕಟ್ಟಿದ್ದ ಆ ಹಾಳೆಗಳನ್ನು ಕಂಡೆವು. ಮಲಯಾಳವನ್ನು ನಾವು ಓದಬಲ್ಲೆವು. ಎರಡು ಹಾಳೆಗಳನ್ನು ಮಗುಚಿದೆವು, ಬೇಸರವಾಯಿತು, ಹೊರಟು ಬಂದೆವು. ಅಜ್ಜಿಯ 7 ಸೆಂಟ್ಸು ಸ್ಥಳವು ಅದೇ ಪಟ್ಟಿಯಲ್ಲಿ ನಿಲವೆಂದು ಸೇರಿತ್ತು. ಅವರ ಮಾವನ ಕಾಲದಲ್ಲಿಯೇ ಅಲ್ಲಿ ಮನೆಯೂ ಬಾವಿಯೂ ಇದ್ದುದನ್ನು ನಾವು ಬಾಲ್ಯದಿಂದ ಕಂಡವರು. ಹಳೆಯ ದಾಖಲೆಯಲ್ಲಿ ನಂಜವೆಂದಿದ್ದದ್ದು ಹಾಗೆಯೇ ಹೊಸದಕ್ಕೆ ಇಳಿದಿತ್ತು. ಮಣ್ಣಿನ ಗೋಡೆ ಕುಸಿದು, ಹೊಸ ಮನೆಗೆ ಪರವಾನಗಿ ಕೇಳಿದಾಗಲೇ ಅವರಿಗೆ ಸಂಗತಿ ತಿಳಿದದ್ದು. ಪಟ್ಟಿಯಿಂದ ತೆಗೆಸಲು 5ನೆಯ ನಮೂನೆಯ ಅರ್ಜಿ, ಆ ಬಳಿಕ ದಾಖಲೆಯಲ್ಲಿ ಸ್ಥಳದ ಸ್ವರೂಪವನ್ನು ಬದಲಿಸಲು 6ನೆಯ ನಮೂನೆಯ ಅರ್ಜಿ. ಎಲ್ಲವೂ ಮುಗಿಯುವಾಗ ಎರಡು ಮಳೆಗಾಲ ಕಳೆದಿದ್ದುವು. ಆ ಎರಡು ಮಳೆಗಾಲವನ್ನೂ ಅವರು ಟಾರ್ಪಾಲಿನ ಕೆಳಗೆ ಕಳೆದರು. ಅರ್ಜಿಗಳನ್ನು ಬರೆದುಕೊಟ್ಟವರು ನಾವೇ. ಅವರು ಪ್ರತಿ ಸಲವೂ, “ಮಾಷ್ಟ್ರೇ, ನಿಮ್ಮಿಂದ ಉಪಕಾರವಾಯಿತು” ಎನ್ನುತ್ತಿದ್ದರು. ಕಿಟಕಿಯ ಸರಳಿನ ಸಂಗತಿಯನ್ನು ನಾವು ಅವರಿಗೆ ಹೇಳಲಿಲ್ಲ.

ಹೀಗೆ ಅರ್ಜಿ ಬರೆಯುವುದರಲ್ಲಿ ನಮಗೆ ಕೈ ಪಳಗಿತೆಂಬ ಸುದ್ದಿ ಹಬ್ಬಿದ ಮೇಲೆ, ಕೊಲ್ಲಿಯ ನಾಡಿನಿಂದ ಮರಳಿ ಬಂದ ತಮ್ಮನು ಒಂದು ದಿನ ನಮ್ಮಲ್ಲಿಗೆ ಬಂದನು. ಮನೆಯ ಕೆಳಗೆ 32 ಸೆಂಟ್ಸಿನ ನಮ್ಮ ಮಜಲು ಹದಿನೈದು ವರ್ಷಗಳಿಂದ ಹಡಿಲು ಬಿದ್ದಿತ್ತು. ಈಗ ಅದರ ಪಕ್ಕದಲ್ಲಿ ಡಾಮರು ರಸ್ತೆ ಬಂದಿದೆ. ಅಲ್ಲಿ ಮನೆ ಕಟ್ಟಬೇಕೆಂದು ಅವನ ಆಸೆ. ಪೇಟೆಯಲ್ಲಿ ಯಾರೋ ಅವನಿಗೆ ಉಪಾಯವನ್ನು ಕಲಿಸಿದ್ದರು: ಬೆಳೆದ ಅಡಿಕೆ ಸಸಿಗಳನ್ನು ತಂದು ನೆಡುವುದು, ಚಿತ್ರ ತೆಗೆಸುವುದು, ‘2008ಕ್ಕೆ ಮೊದಲೇ ಇದು ತೋಟವಾಗಿತ್ತು’ ಎಂದು 5ನೆಯ ನಮೂನೆಯಲ್ಲಿ ಬರೆಯುವುದು.

“ಅಣ್ಣಾ, ನೀನು ಬರೆದುಕೊಟ್ಟರೆ ಯಾರೂ ಸಂಶಯಪಡುವುದಿಲ್ಲ” ಎಂದನು.

ನಾವು ಒಪ್ಪಿದೆವೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. ಒಬ್ಬನೇ ತಮ್ಮ, ಮರುಭೂಮಿಯಲ್ಲಿ ಇಪ್ಪತ್ತು ವರ್ಷ ದುಡಿದವನು. ಹಡಿಲು ಬಿದ್ದ ಗದ್ದೆಯಿಂದ ಯಾರಿಗೆ ಲಾಭ? ಕೂಲಿಗೆ ಜನವಿಲ್ಲ, ಬೆಳೆದ ಭತ್ತಕ್ಕೆ ಖರ್ಚು ಹುಟ್ಟುವುದಿಲ್ಲ. ಗದ್ದೆಯನ್ನು ಬೇಸಾಯಯೋಗ್ಯವಾಗಿ ಉಳಿಸಿಕೊಂಡವರಿಗೆ ಸರಕಾರವು 2020ರಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2000 ರೂಪಾಯಿಯ ರಾಯಲ್ಟಿಯನ್ನು ಆರಂಭಿಸಿತು. ಆ ಲೆಕ್ಕದಲ್ಲಿ ನಮ್ಮ 32 ಸೆಂಟ್ಸಿಗೆ ಬರುವುದು ಸುಮಾರು 260 ರೂಪಾಯಿ. ರಸ್ತೆ ಬದಿಯ ಸ್ಥಳದ ಬೆಲೆಗೆ ಇದು ಎಲ್ಲಿಯ ಸಾಟಿ? ಊರಿನ ನೀರನ್ನು ಕಾಯುವ ಹೊರೆಯನ್ನೆಲ್ಲ ಗದ್ದೆಯಿದ್ದವನ ತಲೆಗೇ ಹೊರಿಸುವುದು ನ್ಯಾಯವಲ್ಲವೆಂದು ನಾವು ಅಂದೂ ಎಣಿಸಿದ್ದೆವು, ಇಂದೂ ಎಣಿಸುತ್ತೇವೆ.

ರಾತ್ರಿ ಊಟವಾದ ಮೇಲೆ ನಮೂನೆಯನ್ನು ತುಂಬಲು ಕುಳಿತೆವು. ಸ್ಥಳವು 2008ನೆಯ ಆಗಸ್ಟ್ 12ರಂದು ಯಾವ ಸ್ಥಿತಿಯಲ್ಲಿತ್ತು ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಸಂಶಯ ಬಂದರೆ ತಿರುವನಂತಪುರದ ದೂರಸಂವೇದಿ ಕೇಂದ್ರದಿಂದ ಉಪಗ್ರಹದ ಚಿತ್ರವನ್ನು ತರಿಸುತ್ತಾರೆ. ಆದರೆ ಆ ದಿನದ ಚಿತ್ರ ನಮ್ಮ ಕಣ್ಣಿನಲ್ಲಿಯೇ ಇತ್ತು. ಆ ವರ್ಷದ ಏಣೆಲಿಗೆ ತಂದೆಯವರು ಬದುಕಿದ್ದರು. ಶಾಲೆಗೆ ರಜೆ ಇದ್ದ ದಿನ ನಾವೇ ಕೆಸರಿಗಿಳಿದು ನೇಜಿಯ ಕಟ್ಟುಗಳನ್ನು ಹೊತ್ತಿದ್ದೆವು. ಲೇಖನಿ ನಿಂತಿತು.

ಒಳಗಿನಿಂದ ತಾಯಿ ಕೇಳಿದರು: “ಏನು ಬರೆಯುತ್ತಿದ್ದೀಯೆ ಇಷ್ಟು ಹೊತ್ತಿನಲ್ಲಿ?”

ಹೇಳಿದೆವು.

“ಮಜಲಿಗೆ ಮಣ್ಣು ಎಲ್ಲಿಂದ ತರುತ್ತಾರೆ?”

“ಗುಡ್ಡೆಯಿಂದ.”

“ಗುಡ್ಡೆಯನ್ನೂ ಕಡಿದು, ಮಜಲನ್ನೂ ತುಂಬಿಸಿದರೆ ಕೆಳಗಿನವರ ಬಾವಿಗೆ ನೀರು ಎಲ್ಲಿಂದ ಬರಬೇಕು ಮಗಾ?”

ಶಾಲೆಯ ಮೆಟ್ಟಿಲನ್ನೇ ಹತ್ತದ ನಮ್ಮ ತಾಯಿಯವರು ಒಂದೇ ಪ್ರಶ್ನೆಯಲ್ಲಿ ಹೇಳಿದ್ದನ್ನು ಬಿಡಿಸಿ ಹೇಳಿದರೆ ಹೀಗೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಮುರಕಲ್ಲಿನ ಗುಡ್ಡೆಯು ಅದನ್ನು ಹೀರಿಕೊಂಡು ಮೆಲ್ಲಗೆ ಕೆಳಕ್ಕೆ ಬಿಡುತ್ತದೆ. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ನೀರು ಜಿನುಗುವುದು ಈ ಗುಣದಿಂದಲೇ. ಹುಣಿ ಕಟ್ಟಿದ ಗದ್ದೆಗಳು ಮೇಲಿನಿಂದ ಬಂದ ನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿ ನೆಲದೊಳಕ್ಕೆ ಇಳಿಸುತ್ತವೆ. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣುಗಳ ಕಟ್ಟವನ್ನು ಹಾಕುವ ಪದ್ಧತಿಯು ಏತಡ್ಕದಂಥ ಊರುಗಳಲ್ಲಿ ಪ್ರಸಿದ್ಧವಾಗಿದೆ. ಅದರ ಉದ್ದೇಶವೂ ಇದೇ. ಗುಡ್ಡೆ, ಬೆಟ್ಟು, ಮಜಲು, ಬೈಲು ಎಂಬವು ಒಂದೇ ನೀರಿನ ನಾಲ್ಕು ಮೆಟ್ಟಿಲುಗಳು. ಮೇಲಿನ ಮೆಟ್ಟಿಲನ್ನು ಕಡಿದು ಕೆಳಗಿನದಕ್ಕೆ ತುಂಬಿಸಿದರೆ ಆಷಾಢದಲ್ಲಿ ಕೆಳಮನೆಯ ಅಂಗಳಕ್ಕೆ ನೀರು ನುಗ್ಗುತ್ತದೆ, ಚೈತ್ರದಲ್ಲಿ ಅದೇ ಮನೆಯ ಬಾವಿ ಬತ್ತುತ್ತದೆ. ನಮ್ಮ ಮಜಲಿನ ಕೆಳಗಿನ ಮೊದಲನೆಯ ಬಾವಿಯು ನೆರೆಮನೆಯ ಅಜ್ಜಿಯದು.

ಸುಳ್ಳು ಬರೆಯದೆ ಬೇರೆ ದಾರಿಯುಂಟೋ ಎಂದು ಶಾಸನವನ್ನು ಓದಿ ನೋಡಿದೆವು. ಮನೆಯಿಲ್ಲದವನು ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸಿನವರೆಗಿನ ಗದ್ದೆಯನ್ನು ಸ್ವಂತ ವಾಸದ ಮನೆಗಾಗಿ ತುಂಬಲು ಅನುಮತಿಯನ್ನು ಕೇಳಬಹುದು. ಆದರೆ ಅವನಿಗಾಗಲಿ ಕುಟುಂಬಕ್ಕಾಗಲಿ ತಕ್ಕ ಬೇರೆ ಸ್ಥಳವಿರಬಾರದು, ಸುತ್ತಲಿನ ಗದ್ದೆಗಳಿಗೆ ತೊಂದರೆಯಾಗಬಾರದು. 2018ರ ತಿದ್ದುಪಡಿಯು ತಂದ ರಿಯಾಯಿತಿಯಾದರೋ ದಾಖಲೆಯಲ್ಲಿ ಗದ್ದೆಯೆಂದಿದ್ದು ಡೇಟಾ ಬ್ಯಾಂಕಿನಲ್ಲಿ ಸೇರದ ಸ್ಥಳಗಳಿಗೆ ಸಲ್ಲತಕ್ಕದ್ದು. ಅಂಥವುಗಳಲ್ಲಿ 25 ಸೆಂಟ್ಸಿನವರೆಗೆ ಶುಲ್ಕವೂ 2021ರಲ್ಲಿ ಮಾಫಿಯಾಯಿತು. ಅಜ್ಜಿಗೆ ಅದು ನ್ಯಾಯವಾಗಿಯೇ ದೊರಕಿತು. ನಮಗೆ ಯಾವುದೂ ಸಲ್ಲುವಂತಿರಲಿಲ್ಲ. ಏಕೆಂದರೆ ಮನೆಯ ಮೇಲ್ಭಾಗದಲ್ಲಿ ನಮ್ಮ ಪಾಲಿಗೆ ಬಂದ ಹಿತ್ತಿಲಿತ್ತು. ಅದು ಪುರಯಿಡ. ಅದನ್ನು ಯಾರಿಗೂ ಕೊಡುವ ಮನಸ್ಸು ನಮಗೆ ಇರಲಿಲ್ಲವೆಂಬುದೇ ನಿಜವಾದ ತೊಡಕು.

ಬೆಳಗಾಗುವಾಗ ನಮೂನೆಯನ್ನು ಹರಿದು ಹಾಕಿದೆವು. ಹಿತ್ತಿಲಿನಲ್ಲಿ 8 ಸೆಂಟ್ಸನ್ನು ಬಿಟ್ಟುಕೊಡುವೆವೆಂದು ತಮ್ಮನಿಗೆ ಹೇಳಿದೆವು. ರಸ್ತೆಯ ಬದಿಯಲ್ಲದ, ಕಾರು ಹೋಗದ ಸ್ಥಳವೆಂದು ಅವನು ಮುಖ ತಿರುಗಿಸಿಕೊಂಡು ಹೋದನು. ಎರಡು ತಿಂಗಳು ನಮ್ಮೊಡನೆ ಮಾತಾಡಲಿಲ್ಲ. ತಂದೆಯವರು ನೆಟ್ಟ ಹಲಸಿನ ಮರವನ್ನು ಕಡಿಯಬೇಕಾಗಿ ಬಂದ ದಿನ ನಮಗೂ ದುಃಖವಾಗದೆ ಇರಲಿಲ್ಲ. ಈಗ ಅಲ್ಲಿ ಅವನ ಮನೆಯಿದೆ. ಮಳೆ ಸುರಿಯುವಾಗ ರಸ್ತೆಯಿಂದ ಸಾಮಾನು ಹೊರಬೇಕಾದಾಗಲೆಲ್ಲ ಅವನು ನಮ್ಮ ಕಡೆಗೊಮ್ಮೆ ನೋಡುವುದುಂಟು. ಮಜಲನ್ನು ಕುಟುಂಬಶ್ರೀಯ ಮಹಿಳೆಯರ ಗುಂಪೊಂದು ಗೇಣಿಯಿಲ್ಲದೆ ಪಡೆದು ಏಣೆಲಿಗೆ ಬಿತ್ತುತ್ತಿದೆ.

ಆ ವರ್ಷ ನಾವು ಏಳನೆಯ ತರಗತಿಯ ಮಕ್ಕಳಿಂದ ಒಂದು ಕೆಲಸವನ್ನು ಮಾಡಿಸಿದೆವು. ಡೇಟಾ ಬ್ಯಾಂಕಿನಲ್ಲಿ ನಮ್ಮ ವಾರ್ಡಿನ ಹಾಳೆಗಳನ್ನು ತಂದು, ಮಲಯಾಳದ ಮಾತುಗಳ ಎದುರಿಗೆ ಕನ್ನಡದಲ್ಲಿ ಅರ್ಥವನ್ನು ಬರೆಸಿದೆವು. ಪ್ರತಿ ಮಗುವೂ ತನ್ನ ಮನೆಯ ಹಿರಿಯರನ್ನು ಕೇಳಿ, ಯಾವುದು ಬೈಲು, ಯಾವುದು ಮಜಲು, ಯಾವುದು ಬೆಟ್ಟು ಎಂಬುದನ್ನು ಸರ್ವೆ ನಂಬರಿನ ಪಕ್ಕದಲ್ಲಿ ಗುರುತಿಸಿತು. ಪಟ್ಟಿಗೂ ನೆಲಕ್ಕೂ ಮೂರು ಕಡೆಗಳಲ್ಲಿ ಹೊಂದಾಣಿಕೆಯಿರಲಿಲ್ಲ: ಎರಡು ಹಳೆಯ ಮನೆಗಳು ಗದ್ದೆಯೆಂದಾಗಿದ್ದುವು, ವರ್ಷವಿಡೀ ನೀರು ನಿಲ್ಲುವ ಒಂದು ಬೈಲು ಪಟ್ಟಿಯಲ್ಲೇ ಇರಲಿಲ್ಲ. ಮನೆಯವರು ಅರ್ಜಿ ಕೊಟ್ಟರು. ಬೈಲಿನ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಿದೆವು.

ಸಹೋದ್ಯೋಗಿಗಳಾದ ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟೇ. ಕೇರಳದ 1994ರ ಪಂಚಾಯತು ರಾಜ್ ಶಾಸನದಂತೆ ಗ್ರಾಮಸಭೆಯು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಅಲ್ಲಿ ಕುಳಿತುಕೊಳ್ಳಿರಿ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿಯು ಕೊಟ್ಟಿದೆ. ಕನ್ನಡದಲ್ಲಿ ಬರೆಯಲು ಅಂಜಬೇಡಿರಿ. ಆದರೆ ಮಲಯಾಳದ ಪಟ್ಟಿಯನ್ನು ಓದಲು ಕಲಿಯುವುದನ್ನೂ ಬಿಡಬೇಡಿರಿ. ಕಟ್ಟಳೆಗಳು ತಿದ್ದುಪಡಿಯಾಗುತ್ತಲೇ ಇರುತ್ತವೆ. ಹೊಸ ಪಟ್ಟಿಗಳು ಬರುತ್ತಲೇ ಇರುತ್ತವೆ. ಮುಂದಿನ ಸಲ ಕಿಟಕಿಯ ಸರಳಿಗೆ ಹಾಳೆಗಳನ್ನು ಕಟ್ಟಿದ್ದು ಕಂಡರೆ ಕೊನೆಯ ಹಾಳೆಯವರೆಗೂ ಓದಿರಿ.

ನೆರೆಮನೆಯ ಅಜ್ಜಿಗೆ ನಾವು ಮೊನ್ನೆ ಆ ಕಿಟಕಿಯ ಸಂಗತಿಯನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಒಳಗೆ ಹೋಗಿ ಬಾವಿಯಿಂದ ಆಗತಾನೆ ಸೇದಿದ ನೀರನ್ನೂ ಬೆಲ್ಲವನ್ನೂ ತಂದಿಟ್ಟರು. ಅದು ಮಾರ್ಚ್ ತಿಂಗಳ ಕೊನೆ. ಬಾವಿಯಲ್ಲಿ ಇನ್ನೂ ಎರಡು ಕೋಲು ನೀರಿತ್ತು.