ಮೆಕ್ಸಿಕೋದಲ್ಲಿ ಕಂಡ ಡೂಪ್ ಇಲ್ಲದ ಹೀರೋಗಳು!

2015ರ ‘ಸ್ಪೆಕ್ಟರ್’ ಚಿತ್ರ ನೋಡಿದವರು ಅದರ ಮೊದಲ ಸೀನ್ ಮರೆತಿರಲಿಕ್ಕಿಲ್ಲ. ಮೆಕ್ಸಿಕೋ ಸಿಟಿಯ ಬೀದಿ ತುಂಬಾ ತಲೆಬುರುಡೆ ವೇಷದ ಜನ, ದೈತ್ಯ ಅಸ್ಥಿಪಂಜರಗಳ ಮೆರವಣಿಗೆ, ನಡುವೆ ನಮ್ಮ ಜೇಮ್ಸ್ ಬಾಂಡ್! ಸತ್ತ ಹಿರಿಯರ ಹಬ್ಬವೆಂದರೆ ಅಲ್ಲಿ ಹೀಗೇ ಅಂತ ನಾನೂ ನಂಬಿದ್ದೆ.

ಅಲ್ಲಿ ಕೆಲಸದಲ್ಲಿರುವ ಮಂಡ್ಯದ ಗೆಳೆಯನೊಬ್ಬ ಕರೆಸಿಕೊಂಡಾಗಲೇ ಗುಟ್ಟು ರಟ್ಟಾಗಿದ್ದು. ಆ ಮೆರವಣಿಗೆ ಸಿನಿಮಾದವರ ಸೃಷ್ಟಿ! ಆ ಊರಲ್ಲಿ ಅಂಥದ್ದು ಮೊದಲು ಇರಲೇ ಇಲ್ಲ. ಚಿತ್ರ ನೋಡಿ ಬಂದ ಪ್ರವಾಸಿಗಳು “ಎಲ್ಲಿ ಮೆರವಣಿಗೆ?” ಅಂತ ಕೇಳಿಯಾರೆಂದು 2016ರಲ್ಲಿ ಅಲ್ಲಿನವರು ನಿಜವಾಗಿಯೇ ಶುರು ಮಾಡಿದರು.

ನಿಜವಾದ ಹಬ್ಬ ನಡೆಯುವುದು ನವೆಂಬರ್ 1 ಮತ್ತು 2ರಂದು, ಮನೆಗಳಲ್ಲಿ, ಗೋರಿಗಳ ಬಳಿ. ಹಿರಿಯರ ಫೋಟೋ ಮುಂದೆ ಅವರಿಗಿಷ್ಟವಾದ ತಿಂಡಿ, ದೀಪ, ರಾಶಿ ಚೆಂಡು ಹೂ. ನಮ್ಮ ಪಿತೃಪಕ್ಷದ ಎಡೆಯೇ ನೆನಪಾಯಿತು. ಅಂದಹಾಗೆ, ನಾವು ಆಯುಧಪೂಜೆಗೆ ಲಾರಿಗೆ ಕಟ್ಟುವ ಚೆಂಡು ಹೂವಿನ ತವರೂ ಆ ನಾಡೇ!

ಇದು ಗೊತ್ತಾದದ್ದೇ ನನಗೊಂದು ರೋಗ ಅಂಟಿತು. ಯಾವ ಕುಣಿತ ಕಂಡರೂ ಅನುಮಾನ!

ಆಗ್ನೇಯ ಭಾಗದ ಯುಕಾಟಾನ್ ಮಾಯಾ ಜನರ ನಾಡು. ಅಲ್ಲಿನ ಶ್ಕಾರೆತ್ ಉದ್ಯಾನದಲ್ಲಿ ಟಿಕೆಟ್ ಕೊಂಡವರಿಗೆ ರಾತ್ರಿ ಷೋ. ಪುರಾತನ ಚೆಂಡಾಟವನ್ನು ಆಡಿ ತೋರಿಸುತ್ತಾರೆ. ಕೈಯಲ್ಲಿ ಮುಟ್ಟುವಂತಿಲ್ಲ. ಸುಮಾರು 3 ಕೆ.ಜಿ. ತೂಗುವ ಗಟ್ಟಿ ರಬ್ಬರ್ ಚೆಂಡನ್ನು ಸೊಂಟದಿಂದಲೇ ಹೊಡೆದು ಕಲ್ಲಿನ ಬಳೆಯೊಳಗೆ ತೂರಿಸಬೇಕು! ಚಿಚೆನ್ ಇಟ್ಜಾದಲ್ಲಿ ಈ ಆಟದ ಹಳೆಯ ಅಂಗಳ ಈಗಲೂ ಇದೆ, 168 ಮೀಟರ್ ಉದ್ದ.

“ಲೋ, ಇದೂ ಸೆಟ್ಟಿಂಗೇ ಬಿಡೋ” ಅಂದೆ.

“ಸುಮ್ನೆ ನೋಡೋ” ಅಂದ ಗೆಳೆಯ. ಆಟ ಮುಗಿಸಿ ನಮ್ಮ ಮುಂದೆಯೇ ಹಾದುಹೋದ ಆಟಗಾರನ ತೊಡೆ ಪೆಟ್ಟು ತಿಂದು ಕಪ್ಪಗೆ ಕಂದಿತ್ತು. ಮೇಕಪ್ ಅಲ್ಲ ಸ್ವಾಮಿ!

ವಾಪಸ್ ರಾಜಧಾನಿಗೆ ಬಂದೆವು. ಮಾನವಶಾಸ್ತ್ರ ವಸ್ತುಸಂಗ್ರಹಾಲಯದ ಎದುರು ಎತ್ತರದ ಉಕ್ಕಿನ ಕಂಬ. ಕೆಂಪು ಷರಾಯಿ, ಬಣ್ಣದ ರಿಬ್ಬನ್ ಟೋಪಿ ತೊಟ್ಟ ಐವರು ಅದರ ಮೇಲೆ ಹತ್ತುತ್ತಿದ್ದರು. ಇವರೇ ‘ವೊಲಾದೋರೆಸ್’, ಅಂದರೆ ಹಾರುವವರು. ವೆರಾಕ್ರೂಸ್ ರಾಜ್ಯದ ಪಾಪಾಂತ್ಲಾ ಕಡೆಯ ಟೋಟೋನಾಕ್ ಜನ ಇದಕ್ಕೆ ಹೆಸರುವಾಸಿ. ಮಳೆ ಬೆಳೆಗಾಗಿ ದೇವರನ್ನು ಬೇಡುವ ಆಚರಣೆಯಿದು. ಊರಿನ ಆಚರಣೆಗೆ ಕಾಡಿನ ಮರವನ್ನೇ ತರುತ್ತಾರೆ, ಕಡಿಯುವ ಮುಂಚೆ ಬೆಟ್ಟದ ದೇವರ ಕ್ಷಮೆ ಕೇಳುತ್ತಾರೆ. 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ.

ಹಾರುವ ಮುಂಚೆಯೇ ಒಬ್ಬ ಟೋಪಿ ಹಿಡಿದು ಕಾಸಿಗೆ ಬಂದ. ನಾನು ಆಕಾಶ ನೋಡುತ್ತಾ ಮರದ ಹಿಂದೆ ಸರಿದೆ. ಜೇಬಲ್ಲಿದ್ದದ್ದು ರಾತ್ರಿ ಊಟದ ಕಾಸು. ನಾಟಕಕ್ಕೆ ಯಾಕೆ ಕೊಡಲಿ?

ಮೇಲೆ ಐದನೆಯವನು ಕಂಬದ ತುದಿಯಲ್ಲೇ ನಿಂತು ಕೊಳಲೂದಿ, ಪುಟ್ಟ ಡೋಲು ಬಾರಿಸಿದ. ಅವನ ಸೊಂಟಕ್ಕೆ ಹಗ್ಗವೂ ಇಲ್ಲ! ಉಳಿದ ನಾಲ್ವರು ಸೊಂಟಕ್ಕೆ ಹಗ್ಗ ಬಿಗಿದು, ತಲೆ ಕೆಳಗಾಗಿ... ಧುಮುಕಿಯೇಬಿಟ್ಟರು! ಕೆಳಗೆ ಬಲೆಯಿಲ್ಲ, ‘ಕಟ್’ ಅನ್ನುವವರಿಲ್ಲ. ಲೆಕ್ಕದ ಪ್ರಕಾರ ಒಬ್ಬೊಬ್ಬರಿಗೆ 13 ಸುತ್ತು, ನಾಲ್ವರಿಂದ 52. ಅವರ ಹಳೆಯ ಪಂಚಾಂಗದ ಒಂದು ಚಕ್ರಕ್ಕೂ ಅಷ್ಟೇ ವರ್ಷ.

ನೆಲಕ್ಕಿಳಿದವರಲ್ಲಿ ಒಬ್ಬನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಪಾದ ನೀವಿಕೊಳ್ಳುತ್ತಾ ಕೂತಿದ್ದ. ಗೆಳೆಯ ಅವರ ಭಾಷೆಯಲ್ಲಿ ನನ್ನ ಪ್ರಶ್ನೆ ಕೇಳಿದ: ಇದು ಪೂಜೆಯೋ, ಷೋನೋ?

ಹುಡುಗ ನಕ್ಕ. “ಅಪ್ಪ ಕಲಿಸಿದ್ದು. ಊರಲ್ಲಿ ಹಬ್ಬಕ್ಕೆ ಹಾರ್ತೀವಿ, ಇಲ್ಲಿ ಊಟಕ್ಕೆ ಹಾರ್ತೀವಿ. ಬಿದ್ದರೆ ಎರಡೂ ಕಡೆ ನೆಲ ಒಂದೇ.”

ನನ್ನ ರೋಗ ಅಲ್ಲೇ ಬಿಟ್ಟಿತು. ಟೋಪಿಯವನನ್ನು ನಾನೇ ಹುಡುಕಿಕೊಂಡು ಹೋದೆ. ಆ ರಾತ್ರಿ ಊಟ ಗೆಳೆಯನ ಲೆಕ್ಕಕ್ಕೆ!

ಮಿತ್ರರೇ, ತೆರೆಯ ಮೇಲಿನ ಸಾಹಸಕ್ಕೆ ಟಿಕೆಟ್ ಕೊಂಡು ಸೀಟಿ ಹೊಡೆಯುವವರು ನಾವು. ಬೀದಿಯಲ್ಲಿ ಜೀವ ಒತ್ತೆಯಿಟ್ಟು ಹಾರುವವನು ಟೋಪಿ ಚಾಚಿದಾಗ ಮರದ ಹಿಂದೆ ಸರಿಯಬೇಡಿ.