ಹಿಡಿಕೆಗೆ ಕಟ್ಟಿದ ಹಗ್ಗ



ಮುಂಗಾರಿಗೆ ಮುನ್ನ ಕಟ್ಟಿಗೆ ಕೊಟ್ಟಿಗೆ ತುಂಬಿಸಿಕೊಳ್ಳುವುದು ನಮ್ಮ ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಇಂದಿಗೂ ತಪ್ಪದ ಕೆಲಸ. ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಯಿತು. ಆದರೆ ಬಚ್ಚಲ ಹಂಡೆಗೂ ಅಡಿಕೆ ಬೇಯಿಸುವ ಒಲೆಗೂ ಕಟ್ಟಿಗೆಯೇ ಬೇಕು. ಕೊಡಲಿ ಹಿಡಿದು ಕುಂಟೆ ಒಡೆಯುವ ಆಳುಗಳು ದೊರೆಯದಾದಾಗ, ನನ್ನ ರಟ್ಟೆಯೂ ಸೋತಾಗ, 2021ರಲ್ಲಿ ಕರೆಂಟಿನಿಂದ ನಡೆಯುವ ಸಣ್ಣದೊಂದು ಕಟ್ಟಿಗೆ ಸೀಳುವ ಯಂತ್ರವನ್ನು ತರಿಸಿದೆ. ಆ ಯಂತ್ರದ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಬರೆದಿಡುವುದು ನನ್ನ ಕರ್ತವ್ಯವೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಯಂತ್ರದ ತತ್ವ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಪ್ಯಾಸ್ಕಲನ ನಿಯಮ! ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಕುಂದದೆ ಹರಡುತ್ತದೆ. ಇದೇ ತತ್ವದಿಂದ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ದ್ರವಚಾಲಿತ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದನು. ನಮ್ಮ ಯಂತ್ರದಲ್ಲಿ ಮೋಟಾರು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಉರುಳೆಯೊಳಕ್ಕೆ ನೂಕುತ್ತದೆ, ಪಿಸ್ಟನ್ನು ಕುಂಟೆಯನ್ನು ಎದುರಿನ ಉಕ್ಕಿನ ಬೆಣೆಗೆ ಒತ್ತುತ್ತದೆ. ಉರುಳೆಯ ಒಳವ್ಯಾಸ 5 ಸೆಂಟಿಮೀಟರ್ ಎಂದರೆ ವಿಸ್ತೀರ್ಣ ಸುಮಾರು 20 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋ ಒತ್ತಡವಿದ್ದರೆ ಒಟ್ಟು ಬಲ ಸುಮಾರು 4 ಟನ್. ಈ ಲೆಕ್ಕವನ್ನು ತರಿಸಿದ ದಿನವೇ ಹಾಕಿ ಹಿಗ್ಗಿದ್ದೆ. ಜೊತೆಗೆ ಬಂದಿದ್ದ ಕೈಪಿಡಿಯನ್ನು ಮಾತ್ರ ಓದಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಎರಡು ಬಾರಿ ಓದಿರೆಂದು ನಿಮಗೆ ಹೇಳುತ್ತಿದ್ದವನು ನಾನೇ.

ಮರುವರ್ಷ ಯಂತ್ರ ಸೊರಗಿತು. ಪಿಸ್ಟನ್ನು ಒಮ್ಮೆ ನಿಂತು, ಒಮ್ಮೆ ಜಗ್ಗಿ ಮುಂದೆ ಸಾಗುತ್ತಿತ್ತು. ಗಂಟುಗಳಿದ್ದ ಅಕೇಶಿಯಾ ಕುಂಟೆಗಳು ಬೆಣೆಗೆ ಸರಿಯಾಗಿ ಕೂರದೆ ಹೊರಳುತ್ತಿದ್ದವು. ಈ ಯಂತ್ರವನ್ನು ನಡೆಸಲು ಎರಡು ಕೈಗಳೂ ಬೇಕು: ಒಂದು ಕೈಯಲ್ಲಿ ಸ್ವಿಚ್ಚು, ಇನ್ನೊಂದರಲ್ಲಿ ಹಿಡಿಕೆ. ಯಾವುದೊಂದನ್ನು ಬಿಟ್ಟರೂ ಒತ್ತುವುದು ನಿಲ್ಲುತ್ತದೆ, ಹಿಡಿಕೆ ಬಿಟ್ಟರೆ ಪಿಸ್ಟನ್ನು ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಸರಿಯುತ್ತದೆ. ಕುಂಟೆ ಹೊರಳಿದರೆ ಹಿಡಿಯಲು ಕೈ ಉಳಿಯುವುದಿಲ್ಲವಲ್ಲ, ಇದೆಂಥ ಅನಾನುಕೂಲ ಎಂದುಕೊಂಡು ಹಿಡಿಕೆಯನ್ನು ಒತ್ತಿ ಹಿಡಿದು ಹಗ್ಗದಿಂದ ಬಿಗಿದುಬಿಟ್ಟೆ. ಆ ಉಪಾಯದ ಬಗ್ಗೆ ನನಗೆ ಹೆಮ್ಮೆಯೂ ಆಯಿತು.

2022ರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ. ಇಪ್ಪತ್ತು ವರ್ಷಗಳಿಂದ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳು ಕುಂಟೆ ಎತ್ತಿಕೊಡುತ್ತಿದ್ದಳು. ಒಂದು ಕುಂಟೆ ಹೊರಳಿತು. ಆಕೆ ಕೈಯಿಂದ ಅದನ್ನು ನೇರ ಮಾಡಲು ಹೋದಳು. ಅದುವರೆಗೆ ತಡವರಿಸುತ್ತಿದ್ದ ಪಿಸ್ಟನ್ನು ಒಮ್ಮೆಲೇ ಮುನ್ನುಗ್ಗಿತು. ಎಡಗೈಯ ಬೆರಳಿನ ತುದಿ ಕುಂಟೆಗೂ ಬೆಣೆಗೂ ನಡುವೆ ಸಿಕ್ಕಿಕೊಂಡಿತು. ನಾನು ಸ್ವಿಚ್ಚು ಬಿಟ್ಟೆ. ಪಿಸ್ಟನ್ನು ನಿಂತಿತು, ಆದರೆ ಹಿಂದೆ ಸರಿಯಲಿಲ್ಲ. ಹಿಡಿಕೆ ಬಿಗಿದಿತ್ತಲ್ಲ! ನಾನೇ ಹಾಕಿದ ಗಂಟು ನಡುಗುವ ಕೈಗೆ ಬಿಚ್ಚಲಾಗಲಿಲ್ಲ. ಕೊನೆಗೆ ಕತ್ತಿಯಿಂದ ಕೊಯ್ದೆ. ಅಷ್ಟು ಹೊತ್ತೂ ಆಕೆ ಕೂಗಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಬಿತ್ತು, ಉಗುರು ಹೋಯಿತು. ಹೇಗಾಯಿತೆಂದು ವೈದ್ಯರು ಕೇಳಿದಾಗ "ಕೈ ಜಾರಿತು" ಎಂದೆ. ಆಕೆಯ ಗಂಡನಿಗೂ ಅದನ್ನೇ ಹೇಳಿದೆ. ಆಕೆ ಪಕ್ಕದಲ್ಲೇ ಇದ್ದಳು, ಏನೂ ಅನ್ನಲಿಲ್ಲ.

ವಾರದ ನಂತರ ಯಂತ್ರ ನೋಡಲು ಪೇಟೆಯಲ್ಲಿ ವರ್ಕ್‌ಶಾಪ್ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ಬಂದನು. ಎಣ್ಣೆ ಟ್ಯಾಂಕಿನ ಮೇಲಿನ ಸಣ್ಣ ತಿರುಪನ್ನು ಮುಟ್ಟಿ ನೋಡಿ, "ಸರ್, ಇದನ್ನ ಯಾವತ್ತೂ ಸಡಿಲ ಮಾಡ್ಲೇ ಇಲ್ವಾ?" ಎಂದು ಕೇಳಿದನು. ಇಲ್ಲವೆಂದೆ. ಅವನು ವಿವರಿಸಿದಾಗ ನನಗೆ ನಾಚಿಕೆಯಾಯಿತು. ಎಣ್ಣೆ ಟ್ಯಾಂಕಿನಿಂದ ಉರುಳೆಗೆ ಹೋದಾಗ ಆ ಜಾಗಕ್ಕೆ ಗಾಳಿ ಬರಬೇಕು, ಎಣ್ಣೆ ಮರಳಿದಾಗ ಗಾಳಿ ಹೊರಹೋಗಬೇಕು. ಕೆಲಸಕ್ಕೆ ಮುನ್ನ ಆ ತಿರುಪನ್ನು ಎರಡು ಮೂರು ಸುತ್ತು ಸಡಿಲಿಸದಿದ್ದರೆ ಪಂಪಿಗೆ ಎಣ್ಣೆ ಸರಿಯಾಗಿ ಸಿಗದೆ ಗಾಳಿ ಬೆರೆತು ನೊರೆಯಾಗುತ್ತದೆ, ಸೀಲುಗಳು ಹಾಳಾಗುತ್ತವೆ. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ಕುಗ್ಗಿದ್ದು ಒಮ್ಮೆಲೇ ಹಿಗ್ಗಿದಾಗ ಪಿಸ್ಟನ್ನು ಜಗ್ಗುತ್ತದೆ. ಇದನ್ನು ಇದೇ ಹುಡುಗನಿಗೆ ಕಪ್ಪುಹಲಗೆಯ ಮೇಲೆ ಕಲಿಸಿದವನು ನಾನು.

ಆಮೇಲೆ ಅವನು ಹಿಡಿಕೆಯಲ್ಲಿ ಉಳಿದಿದ್ದ ಹಗ್ಗದ ತುಂಡನ್ನು ಕಂಡನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಕೈ ಬಿಟ್ರೆ ನಿಲ್ಲೋದು ಇದರ ದೋಷ ಅಲ್ಲ" ಎಂದನು. ಅಷ್ಟೇ. ಸೀಲು ಬದಲಿಸಿ, ಹೊಸ ಎಣ್ಣೆ ತುಂಬಿ ಹೊರಟನು.

ಅಂದು ಸಂಜೆಯೇ ಆಕೆಯ ಮನೆಗೆ ಹೋಗಿ ಗಂಡ ಹೆಂಡಿರಿಬ್ಬರ ಮುಂದೆ ನಡೆದದ್ದನ್ನು ನಡೆದಂತೆ ಹೇಳಿದೆ. ಗಂಡ ತಲೆತಗ್ಗಿಸಿ ಕುಳಿತಿದ್ದನು. ಆಕೆ ಹೇಳಿದಳು: "ನಂಗೆ ಗೊತ್ತಿತ್ತಲ್ಲ ಮೇಷ್ಟ್ರೇ. ನೀವು ಹಗ್ಗ ಕಟ್ಟೋವಾಗ ನೋಡ್ತಾನೇ ಇದ್ದೆ. ಓದಿದೋರು, ತಿಳಿದೇ ಕಟ್ಟಿರ್ತೀರಿ ಅಂದ್ಕಂಡೆ."

ಈ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆ ವರ್ಷದ ಅಡಿಕೆ ಸುಲಿತದಲ್ಲಿ ಆಕೆಯ ಕೈ ಮೊದಲಿನಂತೆ ಓಡಲಿಲ್ಲ. ಸುಲಿದಷ್ಟಕ್ಕೆ ಕೂಲಿಯಾದ್ದರಿಂದ ಹಿಂದಿನ ವರ್ಷದ ಲೆಕ್ಕವನ್ನು ನೋಡಿ ಕೊರತೆಯನ್ನು ತುಂಬಿಕೊಟ್ಟೆ. ಉಗುರು ಮತ್ತೆ ಬಂದಿತು, ಸೊಟ್ಟಗೆ.

ಈಗ ಕಟ್ಟಿಗೆ ಕೊಟ್ಟಿಗೆಯ ಗೋಡೆಯ ಮೇಲೆ ನನ್ನ ಕೈಬರಹದ ಪಟ್ಟಿಯಿದೆ. ಮೊದಲು ಗಾಳಿ ತಿರುಪು ಸಡಿಲಿಸುವುದು, ಕೆಲಸ ಮುಗಿದ ಮೇಲೆ ಬಿಗಿಯುವುದು. ಎಣ್ಣೆಯ ಮಟ್ಟ ನೋಡುವುದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿಯುವುದು. ಕೈಪಿಡಿ ಹೇಳಿದಂತೆ 150 ಗಂಟೆಗಳ ಕೆಲಸಕ್ಕೊಮ್ಮೆ ಎಣ್ಣೆ ಬದಲಿಸುವುದು. ಬೆಣೆ ಮೊಂಡಾದರೆ ಅರದಿಂದ ಉಜ್ಜುವುದು. ಕುಂಟೆ ಸೀಳದಿದ್ದರೆ 5 ಸೆಕೆಂಡಿಗಿಂತ ಹೆಚ್ಚು ಒತ್ತದೆ, ಹಿಂದೆಗೆದು ತಿರುಗಿಸಿಡುವುದು. ವೋಲ್ಟೇಜ್ ಇಳಿದ ಸಂಜೆ ಯಂತ್ರ ಹಚ್ಚದಿರುವುದು, ಏಕೆಂದರೆ 230 ಇರಬೇಕಾದಲ್ಲಿ 180 ಇದ್ದರೆ ಮೋಟಾರಿನ ತಿರುಚುಬಲ ಸುಮಾರು ಶೇಕಡಾ 60ಕ್ಕೆ ಕುಸಿಯುತ್ತದೆ. ನಡೆಸುವವನ ಹೊರತು ಬೇರೆ ಯಾರೂ ಹತ್ತಿರ ನಿಲ್ಲದಿರುವುದು. ಪಟ್ಟಿಯ ಪಕ್ಕದ ಮೊಳೆಗೆ ಆ ಹಗ್ಗದ ತುಂಡನ್ನು ತೂಗುಹಾಕಿದ್ದೇನೆ.

ನಿಮ್ಮಲ್ಲಿ ಹಲವರು ಇಂದು ಕಾರ್ಖಾನೆಗಳಲ್ಲಿದ್ದೀರಿ, ಕೆಲವರು ನಾಲ್ಕಾರು ಜನರಿಂದ ಕೆಲಸ ಮಾಡಿಸುವವರಿದ್ದೀರಿ. ಕೆಲಸ ಬೇಗ ಸಾಗಲೆಂದು ಎಲ್ಲಿಯಾದರೂ ಇಂಥ ಹಗ್ಗ ಕಟ್ಟಿದ್ದರೆ ದಯವಿಟ್ಟು ಇಂದೇ ಬಿಚ್ಚಿರಿ. ನೀವು ತಿಳಿದೇ ಕಟ್ಟಿದ್ದೀರೆಂದು ನಂಬಿ ಕೈಯಿಡುವವರು ಅಲ್ಲಿರುತ್ತಾರೆ.