ಎಳನೀರು ಮತ್ತು ಬೆವರಿನ ಲೆಕ್ಕ

ವೀಕೆಂಡಿಗೆ ದಾಂಡೇಲಿ ಕಡೆ ಬರೋ ಹುಡುಗರ ಬ್ಯಾಗಿನಲ್ಲಿ ಈಗ ಡಬ್ಬಿ ಎಳನೀರು ಗ್ಯಾರಂಟಿ. ಕಾಳಿ ನದಿಯಲ್ಲಿ ರಾಫ್ಟಿಂಗಿಗೆ ಮುಂಚೆ ಒಂದು, ಮುಗಿದ ಮೇಲೆ ಇನ್ನೊಂದು. ಬೆಂಗಳೂರಿನ ಜಿಮ್ಮುಗಳಲ್ಲೂ ಅದೇ. ‘ನ್ಯಾಚುರಲ್ ಎಲೆಕ್ಟ್ರೊಲೈಟ್’ ಅಂತ ದೊಡ್ಡದಾಗಿ ಬರೆದಿರುತ್ತೆ. ಬೆಲೆ ಗಾಡಿಯವನ ಕಾಯಿಗಿಂತ ಜಾಸ್ತಿ, ರುಚಿ ಕಮ್ಮಿ.

ಎಲೆಕ್ಟ್ರೊಲೈಟ್ ಇರೋದು ಸುಳ್ಳಲ್ಲ. ಯಾವುದು ಅನ್ನೋದೇ ಪ್ರಶ್ನೆ. ಒಂದು ಲೀಟರ್ ಬೆವರಿನ ಜೊತೆ ಹೆಚ್ಚುಕಮ್ಮಿ 1 ಗ್ರಾಂ ಸೋಡಿಯಂ ಹೋಗುತ್ತೆ. ಕೆಲವರಿಗೆ ಅದರ ಅರ್ಧ, ಕೆಲವರಿಗೆ ಇನ್ನೂ ಜಾಸ್ತಿ. ಪೊಟ್ಯಾಸಿಯಂ ಹೋಗೋದು ತೀರಾ ಸ್ವಲ್ಪ. ಎಳನೀರಿನಲ್ಲಿ ಇದು ತಿರುಗಾಮುರುಗಾ: ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ಕಳಕೊಂಡದ್ದು ಉಪ್ಪು, ತುಂಬಿಕೊಳ್ಳೋದು ಬೇರೇನನ್ನೋ!

ಹಾಗಂತ ಕುಡಿದರೆ ಕೆಟ್ಟದ್ದೂ ಅಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ವ್ಯಾಯಾಮ ರೂಢಿಯಿದ್ದ 12 ಗಂಡಸರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಬೆವರಿಳಿಸಿ, ಬೇರೆಬೇರೆ ದಿನ ನೀರು, ಎಳನೀರು, ಸ್ಪೋರ್ಟ್ಸ್ ಡ್ರಿಂಕ್ ಕೊಟ್ಟು ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಳನೀರು ಕುಡಿದಾಗ ಹೊಟ್ಟೆ ಉಬ್ಬರ ಮಾತ್ರ ಸ್ವಲ್ಪ ಜಾಸ್ತಿ. ಮುಕ್ಕಾಲು ಗಂಟೆ ಜಿಮ್ಮಿಗೆ ನಲ್ಲಿ ನೀರು ಸಾಕು, ಅದರ ಮೇಲೆ ಊಟ ಇದ್ದೇ ಇದೆ.

ಏಪ್ರಿಲ್–ಮೇ ಬಿಸಿಲಲ್ಲಿ ಎರಡು ಗಂಟೆ ಓಡೋರ ಲೆಕ್ಕ ಬೇರೆ. ಅಂಗಿ ಮೇಲೆ ಬಿಳಿ ಉಪ್ಪಿನ ಗೆರೆ ಮೂಡುತ್ತಲ್ಲ, ಅಂಥವರಿಗೆ ಉಪ್ಪು ಬೇಕು. ಓಆರ್‌ಎಸ್ ಕೆಲಸ ಮಾಡೋದೂ ಹಾಗೇ: ಕರುಳಿನಲ್ಲಿ ಸಕ್ಕರೆ ಉಪ್ಪನ್ನು ಜೊತೆಗೆ ಒಳಗೆ ಎಳಕೊಳ್ಳುತ್ತೆ, ಅದರ ಹಿಂದೆ ನೀರು ಹೋಗುತ್ತೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಸಾವಿರಾರು ಕಾಲರಾ ರೋಗಿಗಳನ್ನು ಉಳಿಸಿಕೊಂಡದ್ದು ಈ ಅಗ್ಗದ ಮಿಶ್ರಣದಿಂದ. ನಮ್ಮ ಕಡೆ ಬೆಲ್ಲ, ಉಪ್ಪು ಹಾಕಿದ ಮುರುಗಲು ಶರಬತ್ತು ಇದೆ, ಉಪ್ಪು ಹಾಕಿದ ಮಜ್ಜಿಗೆ ಇದೆ. ಡಬ್ಬಿಯಲ್ಲಿ ಬರಲ್ಲ, ಹಾಗಾಗಿ ಇನ್‌ಸ್ಟಾಗ್ರಾಮಿನಲ್ಲೂ ಬರಲ್ಲ.

ಇಷ್ಟೇ ಆಗಿದ್ದರೆ ಇದನ್ನೆಲ್ಲ ಬರೀತಿರಲಿಲ್ಲ. ಅಂಬೇವಾಡಿಯಲ್ಲಿ ನಮ್ಮ ಕಾಕಾ ಇದ್ದಾರೆ. ಇಪ್ಪತ್ತು ವರ್ಷದ ಶುಗರ್, ಬಿಪಿ. ನಿವೃತ್ತಿ ಆದಮೇಲೆ ಮುಂಜಾನೆ ವಾಕಿಂಗ್ ಶುರು ಮಾಡಿದರು. ಪುಣೆಯಲ್ಲಿರೋ ಮಗ ಫೋನಿನಲ್ಲಿ, “ಅಪ್ಪಾ, ವಾಕಿಂಗ್ ಆದಮ್ಯಾಲೆ ಚಹಾ ಬ್ಯಾಡ್ರಿ, ಎರಡು ಎಳನೀರು ಕುಡೀರಿ” ಅಂದ. ಪ್ರೀತಿಯಿಂದಲೇ ಅಂದದ್ದು. ಎರಡು ತಿಂಗಳಿಗೆ ಕಾಕಾನ ಕಾಲಿನಲ್ಲಿ ತ್ರಾಣ ಇಲ್ಲ. ರಕ್ತಪರೀಕ್ಷೆ ಮಾಡಿಸಿದರೆ ಪೊಟ್ಯಾಸಿಯಂ 6.4. ಇರಬೇಕಾದದ್ದು ಸುಮಾರು 3.5ರಿಂದ 5. ಇಸಿಜಿಯಲ್ಲೂ ಏರುಪೇರು. ರಾತ್ರೋರಾತ್ರಿ ಹುಬ್ಬಳ್ಳಿಗೆ ಕರಕೊಂಡು ಹೋದೆವು.

ಶುಗರ್‌ನಿಂದ ಕಿಡ್ನಿ ನಿಧಾನ ಆಗಿತ್ತು, ಯಾರಿಗೂ ಗೊತ್ತಿರಲಿಲ್ಲ. ಬಿಪಿಗೆ ತಗೋತಿದ್ದ ಟೆಲ್ಮಿಸಾರ್ಟನ್ ಮಾತ್ರೆಯೂ ಪೊಟ್ಯಾಸಿಯಂ ಹೊರಹೋಗೋದನ್ನು ಕಮ್ಮಿ ಮಾಡೋ ಜಾತಿಯದು. ಆರೋಗ್ಯವಂತರ ಕಿಡ್ನಿ ಹೆಚ್ಚಾದದ್ದನ್ನು ಮೂತ್ರದಲ್ಲಿ ಕಳಿಸಿಬಿಡುತ್ತೆ. ಇವರದು ಕಳಿಸಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಹೀಗೆ ಏರಿದರೆ ಹೃದಯ ನಿಂತೇ ಹೋಗಬಹುದು. “ಎಳನೀರು ಕುಡದ್ರ ಯಾರರ ಸಾಯ್ತಾರೇನ?” ಅಂತ ಕಾಕಾ ಆಸ್ಪತ್ರೆಯಲ್ಲೂ ವಾದಕ್ಕೆ ನಿಂತಿದ್ದರು. ನಾಲ್ಕನೇ ದಿನ ಮನೆಗೆ ಬಂದರು. ಅವತ್ತಿಂದ ಮಗ ಎಳನೀರಿನ ಸುದ್ದಿ ಎತ್ತಿಲ್ಲ.

ನಿಮ್ಮ ಓಟಕ್ಕೆ ನೀವು ಏನಾದರೂ ಕುಡೀರಿ. ಊರಲ್ಲಿರೋ ಅಪ್ಪ-ಅಮ್ಮನ ವಿಳಾಸಕ್ಕೆ ಆನ್‌ಲೈನಿನಲ್ಲಿ ಒಂದು ಬಾಕ್ಸ್ ಎಳನೀರು ಕಳಿಸೋ ಮುಂಚೆ ಮಾತ್ರ ಅವರ ಕ್ರಿಯಾಟಿನಿನ್ ಎಷ್ಟಿದೆ, ಯಾವ ಬಿಪಿ ಮಾತ್ರೆ ನುಂಗ್ತಿದ್ದಾರೆ ಕೇಳಿ, ಡಾಕ್ಟರಿಗೆ ಒಂದು ಮಾತು ಹೇಳಿ. ಅವರಿಗೆ ಉಪ್ಪಿನ ಮಜ್ಜಿಗೆಯನ್ನೂ ಬದಲಿಗೆ ಹೇಳಬೇಡಿ, ಬಿಪಿ ಇದೆಯಲ್ಲ. ಕಾಕಾ ಈಗ ವಾಕಿಂಗ್ ಮುಗಿಸಿ ಬಂದು ಒಂದು ಲೋಟ ನೀರು ಕುಡೀತಾರೆ, ಆಮೇಲೆ ಚಹಾ.